ಒಂಟಿಯಾಗಿ ಪಿಯಾನೋ ಟ್ಯೂನ್ ಮಾಡುವವರು ಮುಂದಕ್ಕೆ ಕಲಿಯುವುದು ಹೇಗೆ?

ಪಿನ್ನುಕೀಲಿ (ಕುಂಬಳೆ)

ಎಲ್ಲರಿಗೂ ನಮಸ್ಕಾರ. ಕುಂಬಳೆಯಲ್ಲಿದ್ದುಕೊಂಡು ಹಾರ್ಮೋನಿಯಂ ಮತ್ತು ಪಿಯಾನೋ ರಿಪೇರಿ ಮಾಡುತ್ತೇನೆ. ಹಾರ್ಮೋನಿಯಂನಿಂದಲೇ ಶುರು ಮಾಡಿದವನು. ಮುಂಚೆ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಶ್ರುತಿಪೆಟ್ಟಿಗೆಗಳು ಸಾಲಾಗಿ ಬರುತ್ತಿದ್ದವು. ಈಗ ಎಲೆಕ್ಟ್ರಾನಿಕ್ ಶ್ರುತಿ ಬಂದು ಆ ಕೆಲಸ ಬಹಳ ಇಳಿದಿದೆ. ಅದರ ಬದಲು ಪಿಯಾನೋ ಬಂತು. ಇಗರ್ಜಿಗಳಲ್ಲಿ ಮೊದಲೇ ಇತ್ತು. ಈಗ ಕೆಲವು ಶಾಲೆಗಳಲ್ಲಿ, ಗಲ್ಫಿನಿಂದ ವಾಪಸಾದವರ ಮನೆಗಳಲ್ಲಿ, ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳಿರುವಲ್ಲಿ ಉಂಟು.

ಚೆನ್ನೈಯ ಒಂದು ವರ್ಕ್‌ಶಾಪಿನಲ್ಲಿ ಹಿರಿಯರೊಬ್ಬರ ಕೈಕೆಳಗೆ ಕಲಿತೆ. ಕೆಲಸ ಮಾಡಿ ದುಡ್ಡು ತೆಗೆದುಕೊಳ್ಳುವಷ್ಟು ಕೈ ಕೂತಿತು. ಊರಿಗೆ ಬಂದ ಮೇಲೆ ನಾನೊಬ್ಬನೇ. ನನ್ನ ಕೆಲಸ ಸರಿಯಿದೆಯಾ ಇಲ್ಲವಾ ಅಂತ ಹೇಳುವವರೇ ಇಲ್ಲ. ಗಿರಾಕಿ "ಚೆಂದ ಆಯ್ತು" ಅನ್ನುತ್ತಾರೆ. ಅವರು ಯಾವಾಗಲೂ ಹಾಗೇ ಅನ್ನುತ್ತಾರೆ!

ಹೊರಗಿನ ವ್ಯವಸ್ಥೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಅಮೆರಿಕದಲ್ಲಿ 1957ರಿಂದ ಪಿಯಾನೋ ಟೆಕ್ನೀಷಿಯನ್ಸ್ ಗಿಲ್ಡ್ ಅಂತ ಒಂದು ಸಂಘ ಇದೆ. ಊರೂರಿಗೆ ಅದರ ಶಾಖೆ. ಅಲ್ಲಿನವರು ಸೇರಿ ಒಂದು ಪಿಯಾನೋ ಬಿಚ್ಚಿ ನೋಡುತ್ತಾರೆ, ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನ ಮಾಡುತ್ತಾರೆ. ಜರ್ಮನಿಯಲ್ಲಾದರೆ ಪಿಯಾನೋ ಕಟ್ಟುವ ಕಸುಬಿಗೆ ಮೂರೂವರೆ ವರ್ಷದ ತರಬೇತಿ, ಲುಡ್ವಿಗ್ಸ್‌ಬರ್ಗ್‌ನಲ್ಲಿ ಅದಕ್ಕೇ ಶಾಲೆ. ನಮಗೆ ಕಾಸರಗೋಡಿನಲ್ಲಿ ಎಂತ ಉಂಟು? ವಿಡಿಯೋ ಉಂಟು, ಅಷ್ಟೇ.

ಈ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ಹೇಳಿ. ಕಲಿತು ಮುಗಿದ ಮೇಲೂ ನೀವು ಕಲಿಯುತ್ತಿರುವುದು ಹೇಗೆ?

ಹಳೇರೀಡು (ಬದಿಯಡ್ಕ)

ತಮ್ಮಾ, ನಾನು ಪಿಯಾನೋದವನಲ್ಲ. ಹಾರ್ಮೋನಿಯಂ ಮಾತ್ರ. ಆದರೂ ಎರಡು ಮಾತು ಹೇಳುತ್ತೇನೆ.

ನನಗೆ ಗುರು ಅಂತ ಇದ್ದವರು ಬಾಯಿಬಿಟ್ಟು ಹೇಳಿಕೊಟ್ಟದ್ದು ಕಡಿಮೆ. ರೀಡಿನ (ಗಾಳಿಗೆ ನುಡಿಯುವ ಹಿತ್ತಾಳೆ ನಾಲಗೆಯ) ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ರಿವೆಟ್ಟಿನ ಹತ್ತಿರ ಕೆರೆದರೆ ಇಳಿಯುತ್ತದೆ. ಅಷ್ಟು ಹೇಳಿದರು. ಉಳಿದದ್ದೆಲ್ಲ ಬಿಸಾಡಿದ ರೀಡುಗಳಿಂದ ಕಲಿತೆ. ಹಾಳಾದ ರೀಡು ಒಂದನ್ನೂ ನಾನು ಗುಜರಿಗೆ ಹಾಕುವುದಿಲ್ಲ, ಡಬ್ಬಿಯಲ್ಲಿ ಇಡುತ್ತೇನೆ. ಹೊಸ ಅರ ತಂದರೆ ಮೊದಲು ಅದರ ಮೇಲೆ. ಹೊಸ ಹುಡುಗ ಕೆಲಸಕ್ಕೆ ಬಂದರೆ ಅವನ ಕೈಯೂ ಮೊದಲು ಅದರ ಮೇಲೆ.

ನಾಲಗೆಯ ಅಡಿಗೆ ತೆಳು ಬ್ಲೇಡು ತೂರಿಸಬೇಕು, ಇಲ್ಲದಿದ್ದರೆ ಕೆರೆಯುವಾಗ ಹಿತ್ತಾಳೆ ಬಗ್ಗುತ್ತದೆ. ಎರಡು ಎಳೆ ಕೆರೆದು ನಿಲ್ಲಿಸಬೇಕು. ಊದಿ ನೋಡಬೇಕು. ಕೆರೆದ ಬಿಸಿಗೆ ರೀಡು ಸ್ವಲ್ಪ ಇಳಿದೇ ನುಡಿಯುತ್ತದೆ. ಅದನ್ನು ನಂಬಿ ಮತ್ತೆ ಕೆರೆದರೆ ತಣ್ಣಗಾದ ಮೇಲೆ ಅದು ಮೇಲೆ ಹೋಗಿರುತ್ತದೆ. ಅದಕ್ಕೇ ನಾನು ಒಂದು ರೀಡು ಕೆರೆದು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಹೋಗುತ್ತೇನೆ. ಒಂದು ಸುತ್ತು ಮುಗಿಸಿ ಮೊದಲಿನದಕ್ಕೆ ಬರುವಾಗ ಅದು ತಣ್ಣಗಾಗಿರುತ್ತದೆ. ಇದನ್ನು ನನಗೆ ಯಾರೂ ಹೇಳಿಲ್ಲ.

ಹೊಸೂರಿನವ (ಹೊಸೂರು)

ಪಿನ್ನುಕೀಲಿ ಅವರೇ, ನಾನು ಪಿಯಾನೋದವನೇ. ಹೊಸೂರಿನಲ್ಲಿ ಮನೆ, ಕೆಲಸ ಜಾಸ್ತಿ ಬೆಂಗಳೂರಿನಲ್ಲಿ. ನಿಮ್ಮ ಪ್ರಶ್ನೆ ನನ್ನದೂ ಹೌದು.

ಮೊದಲು ಟ್ಯೂನಿಂಗ್ ಆ್ಯಪ್ ವಿಷಯ ಮುಗಿಸಿಬಿಡೋಣ, ಯಾರಾದರೂ ಎತ್ತೇ ಎತ್ತುತ್ತಾರೆ. ಟ್ಯೂನ್‌ಲ್ಯಾಬ್ ಇದೆ. ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಎಂಟ್ರೊಪಿ ಪಿಯಾನೋ ಟ್ಯೂನರ್ ಪುಕ್ಕಟೆ ಸಿಗುತ್ತದೆ. ಎರಡೂ ಒಳ್ಳೆಯವು, ನಾನೂ ಬಳಸುತ್ತೇನೆ. ಪಿಯಾನೋದ ತಂತಿ ದಪ್ಪ ಉಕ್ಕು. ಹಾಗಾಗಿ ಮೂಲ ಸ್ವರದ ಜೊತೆ ನುಡಿಯುವ ಅದರ ಮೇಲಿನ ಸ್ವರಾಂಶಗಳು ಲೆಕ್ಕಕ್ಕಿಂತ ಚೂರು ಏರಿರುತ್ತವೆ. ಅದಕ್ಕೆ ತಕ್ಕ ಹಾಗೆ ಮೇಲಿನ ಸಪ್ತಕಗಳನ್ನು ಏರಿಸಿ, ಕೆಳಗಿನವನ್ನು ಇಳಿಸಿ ಹಿಗ್ಗಿಸಬೇಕು. ರೇಲ್ಸ್‌ಬ್ಯಾಕ್ ಅನ್ನುವವರು 1938ರಲ್ಲೇ ಅಳೆದು ತೋರಿಸಿದ್ದು ಇದನ್ನು. ಎಷ್ಟು ಹಿಗ್ಗಿಸಬೇಕು ಅನ್ನುವುದು ಪಿಯಾನೋದಿಂದ ಪಿಯಾನೋಕ್ಕೆ ಬೇರೆ. ಆ ಲೆಕ್ಕ ಆ್ಯಪ್ ಚೆನ್ನಾಗಿ ಮಾಡುತ್ತದೆ.

ಆದರೆ ಪಿನ್ (ತಂತಿ ಸುತ್ತಿರುವ ಉಕ್ಕಿನ ಮೊಳೆ) ನಿಲ್ಲಿಸುವುದು ಕೈ. ಲಿವರ್ ಹಾಕಿ ತಿರುಗಿಸಿದಾಗ ಮೊದಲು ಪಿನ್ ತಿರುಚಿಕೊಳ್ಳುತ್ತದೆ, ಆಮೇಲೆ ಮರದೊಳಗೆ ಜರುಗುತ್ತದೆ. ಮೇಲಿನ ತುದಿ ತಿರುಗಿದರೂ ಒಳಗಿನ ತುದಿ ಇನ್ನೂ ಅಲ್ಲೇ ಇರಬಹುದು. ಪರದೆಯಲ್ಲಿ ಹಸಿರು ಬಂತು ಅಂತ ಕೈ ಬಿಟ್ಟರೆ ಆ ತಿರುಚು ಬಿಚ್ಚಿಕೊಂಡು ಸ್ವರ ಕೆಳಗೆ ಬರುತ್ತದೆ. ಒಮ್ಮೊಮ್ಮೆ ಹತ್ತು ನಿಮಿಷದಲ್ಲೇ. ಅದಕ್ಕೇ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ ಒಯ್ದು, ಕೀಯನ್ನು ಗಟ್ಟಿಯಾಗಿ ನಾಲ್ಕು ಸಲ ಬಾರಿಸಿ, ಲಿವರನ್ನು ಸುಮ್ನೆ ಒತ್ತಿ ಕೆಳಗೆ ಕೂರಿಸುವುದು. ಪಿನ್ ಬುಡದಲ್ಲಿ ಜರುಗಿತೋ ಇಲ್ಲವೋ ಅನ್ನುವುದು ಅಂಗೈಗೆ ಗೊತ್ತಾಗಬೇಕು. ನನ್ನ ಎಲ್ಲ ಕಲಿಕೆ ಈಗ ಅಲ್ಲೇ ನಡೆಯುತ್ತಿದೆ. ವಿಡಿಯೋದಲ್ಲಿ ಅಂಗೈ ಕಾಣುವುದಿಲ್ಲ ನೋಡಿ.

ಕೊಯರ್‌ಬೆಂಚು (ಮಂಜೇಶ್ವರ)

ನಾನು ಬಾರಿಸುವವಳು, ರಿಪೇರಿಯವಳಲ್ಲ. ಇಗರ್ಜಿಯಲ್ಲಿ ಕೀಬೋರ್ಡ್, ಮನೆಯಲ್ಲಿ ಅಪ್‌ರೈಟ್ ಪಿಯಾನೋ, ಹತ್ತು ಹನ್ನೆರಡು ಮಕ್ಕಳಿಗೆ ಪಾಠ. ಗಿರಾಕಿ ಯಾವಾಗಲೂ "ಚೆಂದ ಆಯ್ತು" ಅನ್ನುತ್ತಾರೆ ಅಂತ ಬರೆದಿದ್ದೀರಲ್ವಾ, ಅದಕ್ಕೆ ಉತ್ತರ ಕೊಡಬೇಕು ಅನ್ನಿಸಿತು.

ನಾವು ಹಾಗೆ ಹೇಳುವುದು ನೀವು ಹೊರಡುವ ಗಡಿಬಿಡಿಯಲ್ಲಿ ಇರುವಾಗ! ಆ ಹೊತ್ತಿಗೆ ಎಲ್ಲವೂ ಚೆಂದವೇ. ಮೂರು ವಾರ ಕಳೆದ ಮೇಲೆ ಕೇಳಿ, ಆಗ ನಾನು ಹೇಳುತ್ತೇನೆ ಯಾವ ಸ್ವರ ಅಲ್ಲಾಡಿದೆ ಅಂತ. ಟ್ಯೂನ್ ಮಾಡಿ ಹೋದವರು ಯಾರೂ ಫೋನ್ ಮಾಡಿ ಕೇಳಿದ್ದಿಲ್ಲ.

ಇನ್ನೊಂದು. ನಮ್ಮಲ್ಲಿ ಎಲ್ಲರೂ ಟ್ಯೂನರನ್ನು ಕರೆಸುವುದು ಕ್ರಿಸ್ಮಸ್‌ಗೆ ಮುಂಚೆ. ಮಾರ್ಚಿನಲ್ಲಿ ಒಂದು ತರ, ಜುಲೈಯಲ್ಲಿ ಇನ್ನೊಂದು ತರ ಕೇಳಿಸುತ್ತದೆ. ಮಳೆಗಾಲದಲ್ಲಿ ಕೀಗಳು ಒತ್ತಿದರೆ ಮೇಲೇ ಬರುವುದಿಲ್ಲ. ಇದಕ್ಕೆ ಮದ್ದು ಉಂಟಾ? ಹಿಂದೆ ಒಬ್ಬರು ಬಂದು ಒಳಗೆ ಬಲ್ಬು ಹಾಕಿ ಹೋಗಿದ್ದಾರೆ.

ಪಿನ್ನುಕೀಲಿ (ಕುಂಬಳೆ)

ಟೀಚರೇ, ಮೂರು ವಾರದ ಫೋನ್ ವಿಷಯ ಒಪ್ಪಿದೆ. ಇವತ್ತಿನಿಂದಲೇ ಶುರು.

ಮಳೆಗಾಲದ ಕಥೆ ಹೀಗೆ. ಪಿಯಾನೋದ ಹಿಂದಿನ ಸೌಂಡ್‌ಬೋರ್ಡ್ ತೆಳು ಸ್ಪ್ರೂಸ್ ಮರದ ಹಲಗೆ. ತೇವ ಕುಡಿದರೆ ಅದು ಉಬ್ಬಿ ಸೇತುವೆಯನ್ನು (ತಂತಿಗಳು ಹಾದು ಹೋಗುವ ಮರದ ಪಟ್ಟಿಯನ್ನು) ಮೇಲಕ್ಕೆ ನೂಕುತ್ತದೆ. ತಂತಿಗಳ ಎಳೆತ ಜಾಸ್ತಿಯಾಗಿ ಸ್ವರ ಏರುತ್ತದೆ. ನಡುವಿನ ಸಪ್ತಕಗಳು ಹೆಚ್ಚು ಏರುತ್ತವೆ, ಬೇಸ್ ಅಷ್ಟು ಏರುವುದಿಲ್ಲ. ಹಾಗಾಗಿ ಇಡೀ ಪಿಯಾನೋ ಒಟ್ಟಿಗೆ ಮೇಲೆ ಹೋಗದೆ ಒಳಗೊಳಗೇ ಜಗಳ ಶುರುವಾಗುತ್ತದೆ. ಒಣ ಹವೆಗೆ ಉಲ್ಟಾ. ಸುಮಾರು 230 ತಂತಿ, ಒಟ್ಟು ಎಳೆತ 18ರಿಂದ 20 ಟನ್. ಹಲಗೆ ಚೂರು ಅಲ್ಲಾಡಿದರೂ ಕಿವಿಗೆ ಗೊತ್ತಾಗುತ್ತದೆ.

ಕೀ ಸಿಕ್ಕಿಕೊಳ್ಳುವುದು ಬೇರೆ ಕಾರಣಕ್ಕೆ. ಕೀಯ ತೂತಿನೊಳಗೆ ಅಂಟಿಸಿದ ಬಟ್ಟೆ ಉಬ್ಬುತ್ತದೆ. ತಂತಿಗೆ ಬಡಿಯುವ ಸುತ್ತಿಗೆ ತಿರುಗುವ ಸಣ್ಣ ಪಿನ್ನಿನ ಸುತ್ತಲ ಬಟ್ಟೆಯೂ ಉಬ್ಬುತ್ತದೆ. ಇಲ್ಲಿ ನನಗೊಂದು ತಕರಾರು ಇದೆ. ವಿಡಿಯೋಗಳಲ್ಲಿ ಇಕ್ಕಳ ತೆಗೆದು ಬಟ್ಟೆಯನ್ನು ಒತ್ತಿ ಸಡಿಲ ಮಾಡಿ ಅಂತ ತೋರಿಸುತ್ತಾರೆ. ಅಲ್ಲಿ ಹೀಟರ್ ಹಾಕಿದ ಒಣ ಮನೆ. ನಮ್ಮಲ್ಲಿ ಜುಲೈ ತಿಂಗಳಿನಲ್ಲಿ ಅಷ್ಟು ಸಡಿಲ ಮಾಡಿದರೆ ಫೆಬ್ರವರಿಯಲ್ಲಿ ಕೀಗಳು ಲೊಟಲೊಟ ಅಲ್ಲಾಡುತ್ತವೆ. ಹಾಗಾಗಿ ಮಳೆಗಾಲದಲ್ಲಿ ನಾನು ಕೆಲಸ ನಡೆಯುವಷ್ಟೇ ಸಡಿಲ ಮಾಡುವುದು. ಉಳಿದದ್ದು ನವೆಂಬರಿಗೆ. ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ ಬರುವ ಜಿಲ್ಲೆಗೆ ಪಾಠ ಬೇರೆಯೇ ಬೇಕು. ಅದನ್ನು ಇಲ್ಲಿಯವರೇ ಬರೆದುಕೊಳ್ಳಬೇಕಷ್ಟೆ.

ಬಲ್ಬು ತೆಗೆಸಿ ಟೀಚರೇ. ಹಗಲು ರಾತ್ರಿ ಉರಿದರೆ ಒಂದೇ ಕಡೆ ಮರ ಒಣಗಿ ಸೀಳುತ್ತದೆ, ಹತ್ತಿರ ಫೆಲ್ಟ್ ಇದ್ದರೆ ಬೆಂಕಿಯ ಹೆದರಿಕೆ ಬೇರೆ. ಇದಕ್ಕೆಂದೇ ಡ್ಯಾಂಪ್ ಚೇಸರ್ ಅಂತ ಸಿಗುತ್ತದೆ. ಸಣ್ಣ ಬಿಸಿ ಕಡ್ಡಿ, ಅದರ ಜೊತೆ ತೇವ ನೋಡಿ ತಾನೇ ಆರುವ ಹೊತ್ತುವ ಸ್ವಿಚ್ಚು. ದುಡ್ಡು ಜಾಸ್ತಿ. ಸದ್ಯಕ್ಕೆ ಹೊರಗೋಡೆಗೆ ತಾಗಿಸಿ ಇಟ್ಟಿದ್ದರೆ ಒಳಗೋಡೆಗೆ ಸರಿಸಿ. ಭಾನುವಾರ ಮಾತ್ರ ಏಸಿ ಹಾಕುವ ಹಾಲ್‌ನಲ್ಲಿ ಪಿಯಾನೋ ಇಡುವುದಕ್ಕಿಂತ ಏಸಿಯೇ ಇಲ್ಲದ ಕೋಣೆ ಲೇಸು.

ಕಪ್ಪುಎರಡು (ಪೆರ್ಲ)

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಭಾಗವತಿಕೆ ಕಲಿಯುತ್ತಿದ್ದೇನೆ. ಒಮ್ಮೆ ಗೆಳೆಯನ ಮನೆಯಲ್ಲಿ ಪಿಯಾನೋದ ಜೊತೆ ಹಾಡಲು ನೋಡಿದೆ. ಹೊಸದಾಗಿ ಟ್ಯೂನ್ ಮಾಡಿಸಿದ್ದು ಅಂದರು. ಷಡ್ಜ ಪಂಚಮ ಸರಿ. ಗಾಂಧಾರ ಮಾತ್ರ ಕೂರಲೇ ಇಲ್ಲ, ಮೇಲೆ ಮೇಲೆ ಇತ್ತು. ಟ್ಯೂನ್ ಮಾಡಿದವರು ತಪ್ಪಿದ್ದಾ, ನನ್ನ ಕಿವಿಯದ್ದಾ?

ಹೊಸೂರಿನವ (ಹೊಸೂರು)

ಇಬ್ಬರದ್ದೂ ಅಲ್ಲ. ಪಿಯಾನೋದಲ್ಲಿ ಹನ್ನೆರಡು ಸ್ವರಗಳ ಅಂತರ ಸಮನಾಗಿ ಹಂಚಿರುತ್ತಾರೆ. ಒಂದೊಂದು ಅಂತರ 100 ಸೆಂಟ್. ಈ ಹಂಚಿಕೆಯಲ್ಲಿ ಪಂಚಮ ಶುದ್ಧಕ್ಕಿಂತ 2 ಸೆಂಟ್ ಕಡಿಮೆ, ಅದು ನಡೆಯುತ್ತದೆ. ಗಾಂಧಾರ ಮಾತ್ರ ತಂಬೂರದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ. ನಿಮ್ಮ ಕಿವಿ ಅದನ್ನೇ ಹಿಡಿದದ್ದು. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಬೇಡ ಅಂದದ್ದರ ಹಿಂದೆಯೂ ಈ ತಕರಾರು ಇತ್ತು. ಗಮಕ ಬರುವುದಿಲ್ಲ ಅನ್ನುವುದು ಇನ್ನೊಂದು.

ಪಿನ್ನುಕೀಲಿ (ಕುಂಬಳೆ)

ಕಪ್ಪುಎರಡು ಅವರು ಕೇಳಿದ್ದು ನನ್ನ ಮರ್ಮಕ್ಕೇ ತಾಗಿತು. ಹಾರ್ಮೋನಿಯಂನಿಂದ ಪಿಯಾನೋಕ್ಕೆ ಬಂದವನಿಗೆ ಕಷ್ಟ ಆಗುವುದು ಇಲ್ಲೇ. ಗಾಯಕರೊಬ್ಬರಿಗೆ ಪೆಟ್ಟಿಗೆ ಮಾಡಿಕೊಡುವಾಗ ಅವರ ಶ್ರುತಿಗೆ ಗಾಂಧಾರವನ್ನು ಅಲುಗಾಡದಂತೆ ಕೂರಿಸಿ ಅಭ್ಯಾಸ. ಪಿಯಾನೋದಲ್ಲಿ ಅದೇ ಗಾಂಧಾರ ಅಲುಗಾಡಲೇಬೇಕು. ಅದೂ ಲೆಕ್ಕದಲ್ಲಿ. ನಡುವಿನ ಸಪ್ತಕದ ಕೆಳಗಿನ ಎಫ್ ಮತ್ತು ಎ ಒಟ್ಟಿಗೆ ಒತ್ತಿದರೆ ಸೆಕೆಂಡಿಗೆ ಸುಮಾರು 7 ಬೀಟ್, ಅಂದರೆ ದನಿ ಅಷ್ಟು ಸಲ ಅಲುಗಾಡುತ್ತದೆ. ಮುಂದಿನ ಜೋಡಿಗೆ ಚೂರು ವೇಗ, ಅದರ ಮುಂದಿನದಕ್ಕೆ ಇನ್ನೂ ಚೂರು. ವೇಗ ಏರುತ್ತಾ ಹೋಗಬೇಕು, ಎಲ್ಲೂ ಜಿಗಿಯಬಾರದು.

ನನ್ನ ಕಿವಿ ಈಗಲೂ ಅಲುಗಾಟ ಕೇಳಿದ ಕೂಡಲೇ ಅದನ್ನು ನಿಲ್ಲಿಸಲು ನೋಡುತ್ತದೆ. ಅದಕ್ಕೆ ನಾನು ಮಾಡುವ ಅಭ್ಯಾಸ ಹೀಗೆ. ಮೊದಲು ಆ್ಯಪ್ ಮುಚ್ಚಿಟ್ಟು ಟ್ಯೂನಿಂಗ್ ಫೋರ್ಕಿನಿಂದ ಎ ಸ್ವರ ಇಡುತ್ತೇನೆ. ಆಮೇಲೆ ಒಂದು ಸಪ್ತಕ ಪೂರ್ತಿ ಕಿವಿಯಲ್ಲೇ. ಮುಗಿದ ಮೇಲೆ ಆ್ಯಪ್ ತೆರೆದು ಎಲ್ಲೆಲ್ಲಿ ಎಷ್ಟು ಆಚೀಚೆ ಅಂತ ಬರೆದಿಡುತ್ತೇನೆ. ಒಂದೇ ಸ್ವರ ಮತ್ತೆ ಮತ್ತೆ ಒಂದೇ ಕಡೆಗೆ ಜಾರಿದ್ದರೆ ಅದು ನನ್ನ ಕಿವಿಯ ಚಾಳಿ ಅಂತ ಲೆಕ್ಕ.

ಸೊಲ್ಲಾಪುರಪೇಟಿ (ಸೊಲ್ಲಾಪುರ)

ನಮಸ್ಕಾರ ರೀ ಎಲ್ಲರಿಗೂ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತೀವಿ. ಭಜನಿ ಮಂಡಳಿ, ನಾಟಕದವರು, ಮಠಗಳು, ಇವರ ಕೆಲಸ ಸದಾ ಇರುತ್ತದೆ. ಪಿಯಾನೋ ಅಪರೂಪ, ಬಂದರೆ ಬಿಡುವುದಿಲ್ಲ.

ನಿಮಗೆ ಮಳೆಯ ಕಾಟ, ನಮಗೆ ಬಿಸಿಲಿನದು. ನಿಮ್ಮ ಮಳೆಯಲ್ಲಿ ಐದರಲ್ಲೊಂದು ಪಾಲು ಬಂದರೆ ನಮಗೆ ಅದೇ ದೊಡ್ಡದು. ಏಪ್ರಿಲ್ ಮೇ ತಿಂಗಳಲ್ಲಿ ಪಿನ್ ಕೂರುವ ಪಿನ್‌ಬ್ಲಾಕಿನ ಮರ ಒಣಗಿ ತೂತು ಹಿಗ್ಗುತ್ತದೆ, ಪಿನ್ ನಿಲ್ಲುವುದಿಲ್ಲ. ತಿರುಗಿಸಿ ಕೈ ಬಿಟ್ಟರೆ ತಾನೇ ವಾಪಸ್ ಬರುತ್ತದೆ. ದಪ್ಪ ಪಿನ್ ಹಾಕುವುದು ಸರಿಯಾದ ಕೆಲಸ, ಆದರೆ ತಂತಿ ಎಲ್ಲ ಬಿಚ್ಚಬೇಕು. ಹಳೆಯ ಪಿಯಾನೋಕ್ಕೆ ಅಷ್ಟು ಖರ್ಚು ಮಾಡುವವರು ಕಡಿಮೆ. ಹಾಗಾಗಿ ತೆಳುವಾದ ಸೂಪರ್ ಗ್ಲೂ ಪಿನ್ನಿನ ಬುಡಕ್ಕೆ ಹನಿ ಹನಿ ಬಿಡುವುದು. ಕಿಟಕಿ ತೆಗೆದಿಡಬೇಕು, ಹೊಗೆ ಕಣ್ಣಿಗೆ ಬಡಿಯುತ್ತದೆ.

ಇದು ನನಗೆ ಗೊತ್ತಾದದ್ದು ಬೇರೆ ದೇಶದ ಟ್ಯೂನರ್‌ಗಳು ಬರೆದದ್ದು ಓದಿ. ಆದರೆ ಅವರು ಹೇಳಿದಷ್ಟು ಬೇಗ ನನ್ನಲ್ಲಿ ಗಟ್ಟಿಯಾಗಲಿಲ್ಲ. ಆಮೇಲೆ ತಿಳಿಯಿತು, ಆ ಅಂಟು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ನಮ್ಮ ಬೇಸಿಗೆಯಲ್ಲಿ ಗಾಳಿಯಲ್ಲಿ ತೇವವೇ ಇಲ್ಲ! ಕುಂಬಳೆಯಲ್ಲಿ ಹಾಕಿದರೆ ಬಾಟಲಿಯ ಬಾಯಲ್ಲೇ ಗಟ್ಟಿಯಾದೀತು.

ಇನ್ನೊಂದು ಮಾತು ರೀ. ನಾನು ಕೆಲಸ ಕಲಿತ ಅಂಗಡಿಯಲ್ಲಿ ಟ್ಯೂನಿಂಗ್ ಶುರು ಮಾಡುವಾಗ ನಮ್ಮನ್ನು ಚಹಾ ತರಲಿಕ್ಕೆ ಕಳಿಸುತ್ತಿದ್ದರು. ವಾಪಸ್ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಹುಡುಗ ಕಲಿತರೆ ಎದುರಿಗೇ ಅಂಗಡಿ ಹಾಕುತ್ತಾನೆ ಅನ್ನುವ ಭಯ. ಈ ಚಾಳಿ ಹೋಗದೆ ಸಂಘ ಗಿಂಘ ಆಗುವುದಿಲ್ಲ.

ಸುಮ್ನೆಓದುಗ (ಉಪ್ಪಳ)

ಒಂದು ಒರಟು ಪ್ರಶ್ನೆ, ಬೇಜಾರು ಮಾಡಬೇಡಿ. ಇಷ್ಟೆಲ್ಲ ಕಲಿತು ಆಗುವುದೇನು? ಗಿರಾಕಿಗೆ 2 ಸೆಂಟ್ ಗೊತ್ತಾಗುವುದಿಲ್ಲ. ರೇಟು ಅಷ್ಟೇ. ಕಲಿಯಲಿಕ್ಕೆ ಹೋದ ದಿನದ ಸಂಪಾದನೆಯೂ ಹೋಯಿತು. ಅಮೆರಿಕದಲ್ಲಿ ಸರ್ಟಿಫಿಕೇಟ್ ತೋರಿಸಿದರೆ ಜಾಸ್ತಿ ಕೊಡುತ್ತಾರೋ ಏನೋ. ಇಲ್ಲಿ "ಹೋದ ಸಲದವರು ಕಡಿಮೆಗೆ ಮಾಡಿದ್ದರು" ಅನ್ನುತ್ತಾರೆ.

ಹೊಸೂರಿನವ (ಹೊಸೂರು)

ಬೇಜಾರೇನಿಲ್ಲ, ಅರ್ಧ ಸರಿ ಇದೆ. ಗಿರಾಕಿಗೆ 2 ಸೆಂಟ್ ಗೊತ್ತಾಗುವುದಿಲ್ಲ ಅನ್ನುವುದು ಬೇರೆ ಬೇರೆ ಸ್ವರಗಳ ನಡುವೆ ನಿಜ. ಆದರೆ ಪಿಯಾನೋದಲ್ಲಿ ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಒಂದೇ ಸ್ವರದ ಮೂರು ತಂತಿಗಳಲ್ಲಿ ಒಂದು 2 ಸೆಂಟ್ ಆಚೆ ಹೋದರೆ ದನಿ ತೇಲುತ್ತದೆ, ಮಗುವಿಗೂ ಕೇಳಿಸುತ್ತದೆ. ಹೆಸರು ಹೇಳಲು ಬರುವುದಿಲ್ಲ, "ಏನೋ ಸರಿಯಿಲ್ಲ" ಅನ್ನುತ್ತಾರೆ. ಗಿರಾಕಿ ಮತ್ತೆ ಕರೆಯುವುದು ಬಿಡುವುದು ಈ "ಏನೋ" ಮೇಲೆಯೇ.

ಸಂಪಾದನೆಯ ಲೆಕ್ಕವನ್ನೂ ಹೇಳುತ್ತೇನೆ. ಬರೀ ಟ್ಯೂನಿಂಗ್ ಗೊತ್ತಿದ್ದಾಗ ನನಗೆ ಟ್ಯೂನಿಂಗ್ ದುಡ್ಡು ಮಾತ್ರ. ಆಮೇಲೆ ರೆಗ್ಯುಲೇಶನ್, ಅಂದರೆ ಕೀ ಸುತ್ತಿಗೆಗಳ ಚಲನೆ ಸರಿಮಾಡುವುದು, ಕಲಿತೆ. ಕೀ ಸುಮಾರು 10 ಮಿಲಿಮೀಟರ್ ಇಳಿಯಬೇಕು. ಅಪ್‌ರೈಟಿನಲ್ಲಿ ಸುತ್ತಿಗೆ ತಂತಿಯಿಂದ ಸುಮಾರು 45 ಮಿಲಿಮೀಟರ್ ದೂರದಲ್ಲಿ ಇರಬೇಕು, ತಂತಿಗೆ 3 ಮಿಲಿಮೀಟರ್ ಇರುವಾಗ ಕೀಯ ಹಿಡಿತದಿಂದ ಬಿಡಿಸಿಕೊಳ್ಳಬೇಕು. ಹೆಚ್ಚಿನ ಪಿಯಾನೋಗಳಲ್ಲಿ ಇದು ಯಾವುದೂ ಸರಿ ಇರುವುದಿಲ್ಲ. ಸರಿ ಮಾಡಿಕೊಟ್ಟರೆ ಬಾರಿಸುವವರು ಅದೇ ದಿನ ಗುರುತಿಸುತ್ತಾರೆ, ಟ್ಯೂನಿಂಗಿಗಿಂತ ಬೇಗ. ಆ ಕೆಲಸಕ್ಕೆ ಕೇಳಿದ ರೇಟು ಕೊಡುತ್ತಾರೆ. ಸರ್ಟಿಫಿಕೇಟ್ ಯಾರೂ ಕೇಳಿಲ್ಲ, ಅದು ನಿಜ.

ಕೊಯರ್‌ಬೆಂಚು (ಮಂಜೇಶ್ವರ)

ಹೌದು ಹೌದು. ನನ್ನ ಪಿಯಾನೋದಲ್ಲಿ ಮೆತ್ತಗೆ ಬಾರಿಸಿದರೆ ಕೆಲವು ಸ್ವರ ಬರುವುದೇ ಇಲ್ಲ. ಮಕ್ಕಳು ಅದಕ್ಕೆ ಗುದ್ದಿ ಬಾರಿಸಲು ಕಲಿತಿದ್ದಾರೆ. ನಾನು ಅವರನ್ನು ಬೈಯುತ್ತಿದ್ದೆ!

ಸುಮ್ನೆಓದುಗ (ಉಪ್ಪಳ)

ಸರಿ, ಒಪ್ಪಿದೆ. ನಾನು ಇಲ್ಲಿ ಓದುತ್ತಿರುವುದಕ್ಕೆ ಕಾರಣ ಬೇರೆ ಇದೆ. ಅಕ್ಕನ ಮಗನಿಗೆ ಕಣ್ಣು ಕಾಣುವುದಿಲ್ಲ. ಪ್ಲಸ್ ಟು ಮುಗಿಸಿದ್ದಾನೆ. ಕಿವಿ ಎಂದರೆ ಕಿವಿ, ಬಸ್ಸಿನ ಹಾರ್ನ್ ಕೇಳಿ ಯಾವ ಸ್ವರ ಅಂತ ಹೇಳುತ್ತಾನೆ. ಈ ಕೆಲಸ ಅವನಿಂದ ಆದೀತಾ? ಕೇಳಲು ಸಂಕೋಚ ಆಗುತ್ತಿತ್ತು.

ಹೊಸೂರಿನವ (ಹೊಸೂರು)

ಸಂಕೋಚ ಯಾಕೆ? ಈ ಕಸುಬಿಗೆ ಅಂಥವರ ಋಣವೇ ಇದೆ. ಪ್ಯಾರಿಸ್ಸಿನಲ್ಲಿ ಕ್ಲೋಡ್ ಮೊಂಟಾಲ್ ಅಂತ ಒಬ್ಬರಿದ್ದರು, 1800ರಲ್ಲಿ ಹುಟ್ಟಿದವರು, ಕಣ್ಣು ಕಾಣುತ್ತಿರಲಿಲ್ಲ. ಅಂಧರ ಶಾಲೆಯಲ್ಲಿ ಓದುತ್ತಿರುವಾಗಲೇ ಪಿಯಾನೋ ಬಿಚ್ಚಿ ಕಲಿತರು. ಆಮೇಲೆ ಪ್ಯಾರಿಸ್ಸಿನಲ್ಲೇ ಹೆಸರುವಾಸಿ ಟ್ಯೂನರ್ ಆದರು. 1836ರಲ್ಲಿ ಟ್ಯೂನಿಂಗ್ ಬಗ್ಗೆ ಪುಸ್ತಕವನ್ನೇ ಬರೆದರು. ಅಲ್ಲಿಂದ ಮುಂದೆ ಯುರೋಪು, ಅಮೆರಿಕದ ಅಂಧರ ಶಾಲೆಗಳಲ್ಲಿ ಇದನ್ನು ಕಸುಬಾಗಿ ಕಲಿಸಿದರು.

ಪಿನ್, ಲಿವರ್, ಪಕ್ಕದ ತಂತಿ ನುಡಿಯದಂತೆ ತಡೆಯುವ ರಬ್ಬರ್ ಮ್ಯೂಟ್ ಎಲ್ಲವೂ ಕೈಗೆ ಸಿಗುವಂಥವು. ತಂತಿ ತುಂಡಾದಾಗ ಎಚ್ಚರ ಬೇಕು, ಅದು ಕಣ್ಣಿದ್ದವರಿಗೂ ಬೇಕು. ಕಷ್ಟ ಇರುವುದು ಓಡಾಟದಲ್ಲಿ. ಒಬ್ಬೊಬ್ಬರದು ಒಂದೊಂದು ಮನೆ, ದಾರಿ ಹೊಸದು. ಜೊತೆಗೆ ಒಬ್ಬರು ಬೇಕಾಗುತ್ತದೆ.

ಹಳೇರೀಡು (ಬದಿಯಡ್ಕ)

ಉಪ್ಪಳದವರೇ, ಹುಡುಗನನ್ನು ಬದಿಯಡ್ಕಕ್ಕೆ ಕರೆದುಕೊಂಡು ಬನ್ನಿ. ನನ್ನ ಡಬ್ಬಿಯಲ್ಲಿ ರೀಡು ಬೇಕಾದಷ್ಟು ಉಂಟು. ಮೊದಲು ಹಾರ್ಮೋನಿಯಂ ಬಿಚ್ಚಿ ಜೋಡಿಸಲಿ. ತಿದಿ ಎಲ್ಲಿ ಗಾಳಿ ಬಿಡುತ್ತದೆ ಅಂತ ನಾನು ಕೆನ್ನೆ ಹತ್ತಿರ ಹಿಡಿದೇ ನೋಡುವುದು, ಕಣ್ಣಿನಲ್ಲಿ ಅಲ್ಲ. ಪಿಯಾನೋ ಆಮೇಲೆ ಕುಂಬಳೆಯವರು ನೋಡಿಕೊಳ್ಳಲಿ. ಚಹಾ ತರಲಿಕ್ಕೆ ಕಳಿಸುವುದಿಲ್ಲ ಅಂತ ಸೊಲ್ಲಾಪುರದವರಿಗೆ ಮಾತು ಕೊಡುತ್ತೇನೆ.

ಸೊಲ್ಲಾಪುರಪೇಟಿ (ಸೊಲ್ಲಾಪುರ)

ಮಾವನವರೇ, ಇದು ಕೇಳಿ ಭಾಳ ಖುಷಿಯಾಯಿತು ರೀ.

ನನ್ನದೊಂದು ಸೂಚನೆ. ಪಿನ್ನುಕೀಲಿ ಅವರು ಕಿವಿಯಲ್ಲಿ ಇಟ್ಟು ಆಮೇಲೆ ಅಳೆದು ಬರೆದಿಡುತ್ತೇನೆ ಅಂದರಲ್ಲ, ಅದನ್ನು ನಾವೆಲ್ಲ ಮಾಡೋಣ. ಜೊತೆಗೆ ಪಿಯಾನೋಕ್ಕೆ ಒಂದು ಪುಟ. ಹೋದ ಕೂಡಲೇ, ಲಿವರ್ ತೆಗೆಯುವ ಮುಂಚೆ, ನಡುವಿನ ಎ ಎಷ್ಟಿದೆ ಅಂತ ಅಳೆಯುವುದು. ಕೋಣೆಯ ತೇವ, ತಿಂಗಳು, ಮಾಡಿದ ಕೆಲಸ. ಅಗ್ಗದ ತೇವಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸೊಲ್ಲಾಪುರದ್ದು, ಹೊಸೂರಿನದ್ದು, ಕುಂಬಳೆಯದ್ದು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಮರ ಹೇಗೆ ನಡೆದುಕೊಳ್ಳುತ್ತದೆ ಅಂತ ನಮಗೇ ತಿಳಿಯುತ್ತದೆ.

ಪಿನ್ನುಕೀಲಿ (ಕುಂಬಳೆ)

ಬರೆದಿಡುವುದು ನಾನು ಈಗಾಗಲೇ ಮಾಡುತ್ತಿದ್ದೇನೆ, ಆದರೆ ತೇವ ಬರೆದಿಲ್ಲ. ಸಮುದ್ರದ ಹತ್ತಿರದ ಒಂದು ಶಾಲೆಯ ಪಿಯಾನೋದ ಪುಟ ನೋಡಿದರೆ ಎ ಮಾರ್ಚಿಗಿಂತ ಜುಲೈಯಲ್ಲಿ ಹತ್ತು ಹದಿನೈದು ಸೆಂಟ್ ಮೇಲೆ. ಮುಂಚೆ ಮಳೆಗಾಲದಲ್ಲಿ ಕರೆದರೆ ನೇರ 440ಕ್ಕೆ (ಎ ಸ್ವರದ ವಾಡಿಕೆಯ ಅಳತೆ, ಸೆಕೆಂಡಿಗೆ 440 ಕಂಪನ) ಇಳಿಸಿ ಬರುತ್ತಿದ್ದೆ. ಬೇಸಿಗೆಯಲ್ಲಿ ಅದು ಅಷ್ಟೂ ಕೆಳಗೆ ಹೋಗುತ್ತಿತ್ತು. ಈಗ ಶಾಲೆಯವರಿಗೆ ಹೇಳಿ ಒಂದು ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ಎ ಇರುವಲ್ಲೇ ಬಿಟ್ಟು, ಅದಕ್ಕೆ ಹೊಂದುವಂತೆ ಉಳಿದದ್ದನ್ನು ಸರಿಮಾಡುವುದು. 440 ನವೆಂಬರಿನಲ್ಲಿ. ಕೀಬೋರ್ಡಿನ ಜೊತೆ ಸೇರಿಸಿ ಬಾರಿಸುವುದಿದ್ದರೆ ಮಾತ್ರ ಬೇರೆ. ಇದನ್ನು ಎಲ್ಲ ಟ್ಯೂನರ್‌ಗಳೂ ಒಪ್ಪುವುದಿಲ್ಲ, ಹೊಸೂರಿನವರು ಏನಂತಾರೆ?

ಹೊಸೂರಿನವ (ಹೊಸೂರು)

ನಾನು ಒಪ್ಪುವುದಿಲ್ಲ 😀 440ಕ್ಕೆ ಇಡಬೇಕು ಅನ್ನುವವನು ನಾನು. ಆದರೆ ನಮ್ಮಲ್ಲಿ ತೇವ ಅಷ್ಟು ಏರಿಳಿಯುವುದಿಲ್ಲ, ಹಾಗಾಗಿ ನನಗೆ ಹಾಗೆ ಹೇಳುವುದು ಸುಲಭ. ನಿಮ್ಮ ಆ ಪಿಯಾನೋವನ್ನು ನೋಡಬೇಕು ಅನ್ನಿಸುತ್ತಿದೆ. ಯಾವಾಗ ಬರಲಿ?

ಪಿನ್ನುಕೀಲಿ (ಕುಂಬಳೆ)

ನವೆಂಬರ್ ಎರಡನೇ ಶನಿವಾರ ಬನ್ನಿ. ಶಾಲೆಗೆ ರಜೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಯಾರೆಲ್ಲ ಬರುತ್ತೀರಿ ಹೇಳಿ. ಕುಂಬಳೆ ಸ್ಟೇಷನ್ನಿನಿಂದ ಕರೆದುಕೊಂಡು ಹೋಗುವುದು ನನ್ನ ಜವಾಬ್ದಾರಿ.

ಹೇಗೆ ಮಾಡುವುದು ಅಂತ ಯೋಚಿಸಿದ್ದೇನೆ. ಗಿಲ್ಡಿನವರ ಟ್ಯೂನಿಂಗ್ ಪರೀಕ್ಷೆಯಲ್ಲಿ ಮೊದಲು ಅನುಭವಸ್ಥರು ಕೆಲವರು ಸೇರಿ ಒಂದು ಪಿಯಾನೋವನ್ನು ಒಮ್ಮತದಿಂದ ಟ್ಯೂನ್ ಮಾಡಿ ಅಳತೆ ಬರೆದಿಡುತ್ತಾರೆ. ಆಮೇಲೆ ಅದನ್ನು ಬೇಕೆಂದೇ ಕೆಡಿಸುತ್ತಾರೆ. ಪರೀಕ್ಷೆಗೆ ಬಂದವನು ಮಾಡಿದ್ದನ್ನು ಆ ಅಳತೆಯ ಜೊತೆ ಹೋಲಿಸುತ್ತಾರೆ. ನಾವು ಅಷ್ಟು ದೊಡ್ಡವರಾಗುವುದು ಬೇಡ. ನಡುವಿನ ಒಂದು ಸಪ್ತಕ ಮಾತ್ರ ತೆಗೆದುಕೊಳ್ಳೋಣ. ಒಬ್ಬರು ಕಿವಿಯಲ್ಲಿ ಇಡುವುದು, ಉಳಿದವರು ಬಾಯಿ ಮುಚ್ಚಿ ಕೇಳುವುದು. ಮುಗಿದ ಮೇಲೆ ಅಳೆಯುವುದು. ಕೆಡಿಸಿ ಮುಂದಿನವರಿಗೆ ಕೊಡುವುದು. ಮಧ್ಯಾಹ್ನ ಊಟ ಆದ ಮೇಲೆ ತುಂಡಾದ ತಂತಿಗೆ ಗಂಟು ಹಾಕುವುದನ್ನು ಹಳೆ ತಂತಿಯಲ್ಲಿ ಅಭ್ಯಾಸ ಮಾಡೋಣ. ಆ ಗಂಟು ನನಗೆ ಇನ್ನೂ ಸರಿ ಕೂರುವುದಿಲ್ಲ, ಎಳೆತ ಬಂದಾಗ ಜಾರುತ್ತದೆ.

ಕೊಯರ್‌ಬೆಂಚು (ಮಂಜೇಶ್ವರ)

ನಾನೂ ಬರುತ್ತೇನೆ. ಬಾರಿಸಿ ನೋಡಲು ಒಬ್ಬರು ಬೇಕಲ್ವಾ? ಯಾರು ಟ್ಯೂನ್ ಮಾಡಿದ್ದು ಅಂತ ನನಗೆ ಹೇಳಬೇಡಿ, ನಾನು ಹೊರಗೆ ಕೂತಿರುತ್ತೇನೆ. ಒಳಗೆ ಬಂದು ಬಾರಿಸಿ ಯಾವುದು ಹಿಡಿಸಿತು ಅಂತ ಹೇಳುತ್ತೇನೆ. "ಚೆಂದ ಆಯ್ತು" ಅಂತ ಹೇಳುವುದಿಲ್ಲ.

ಕಪ್ಪುಎರಡು (ಪೆರ್ಲ)

ನನ್ನದು ಬರೀ ಕುತೂಹಲ. ಬಂದರೆ ಅಡ್ಡಿ ಇಲ್ವಾ? ಗಾಂಧಾರ ಸೆಕೆಂಡಿಗೆ 7 ಸಲ ಅಲುಗಾಡುವುದನ್ನು ಒಮ್ಮೆ ಕೇಳಬೇಕು.

ಪಿನ್ನುಕೀಲಿ (ಕುಂಬಳೆ)

ಬನ್ನಿ ಮಾರಾಯ್ರೇ, ಅಡ್ಡಿ ಎಂತ.

ಸುಮ್ನೆಓದುಗ (ಉಪ್ಪಳ)

ಹುಡುಗ ಮತ್ತು ನಾನು ಬರುತ್ತೇವೆ. ಬದಿಯಡ್ಕಕ್ಕೆ ಈ ಭಾನುವಾರವೇ ಹೋಗುತ್ತಿದ್ದೇವೆ. ಅವನು ಒಂದು ಪ್ರಶ್ನೆ ಕೇಳಲು ಹೇಳಿದ್ದಾನೆ. ಒಂದೇ ತಂತಿ, ಪಕ್ಕದ್ದೆರಡಕ್ಕೂ ಮ್ಯೂಟ್ ಹಾಕಿದ್ದಾರೆ, ಆದರೂ ಅದೊಂದೇ ಅಲುಗಾಡಿ ನುಡಿಯುತ್ತದೆ ಅಂತ ವಿಡಿಯೋದಲ್ಲಿ ಕೇಳಿದನಂತೆ. ಅದು ಹೇಗೆ?

ಹೊಸೂರಿನವ (ಹೊಸೂರು)

ವಿಡಿಯೋದಲ್ಲೇ ಅದು ಕೇಳಿಸಿತಾ? ಭಲೇ! ಸುಳ್ಳು ಬೀಟ್ ಅದು. ಹೆಚ್ಚಾಗಿ ಸೇತುವೆಯ ಮೇಲಿನ ಸಣ್ಣ ಪಿನ್ ಮರದಲ್ಲಿ ಸಡಿಲವಾಗಿರುತ್ತದೆ. ತಂತಿ ಒಂದು ದಿಕ್ಕಿಗೆ ಅಲ್ಲಾಡುವಾಗ ಒಂದು ಉದ್ದ, ಇನ್ನೊಂದು ದಿಕ್ಕಿಗೆ ಬೇರೆ ಉದ್ದ ಆದ ಹಾಗೆ ಆಗುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಆ ಪಿನ್ನನ್ನು ಪಕ್ಕದಿಂದ ಒತ್ತಿ ಹಿಡಿದು ಬಾರಿಸಿದರೆ ಅಲುಗಾಟ ನಿಲ್ಲುತ್ತದೆ. ನಿಂತರೆ ಕಾರಣ ಅದೇ. ಶಾಲೆಯ ಪಿಯಾನೋ ಹಳೆಯದಾದರೆ ಅಂಥದ್ದು ಒಂದೆರಡು ಸಿಕ್ಕೇ ಸಿಗುತ್ತವೆ. ಅವನೇ ಹುಡುಕಿ ತೋರಿಸಲಿ.

ಸೊಲ್ಲಾಪುರಪೇಟಿ (ಸೊಲ್ಲಾಪುರ)

ನನಗೆ ಅಷ್ಟು ದೂರ ಬರುವುದು ಕಷ್ಟ ರೀ, ಕಾರ್ತಿಕದಲ್ಲಿ ಭಜನಿ ಮಂಡಳಿಗಳ ಪೇಟಿ ಕೆಲಸ ಜಾಸ್ತಿ. ವಿಡಿಯೋ ಕಾಲ್ ಹಚ್ಚಿ, ಕೂತಿರುತ್ತೇನೆ. ಎರಡು ತೇವಮಾಪಕ ಕೊರಿಯರ್ ಮಾಡುತ್ತೇನೆ, ಒಂದು ಪಿಯಾನೋದ ಒಳಗೆ, ಒಂದು ಹೊರಗೆ ಇಡಿ.

ಪಿನ್ನುಕೀಲಿ (ಕುಂಬಳೆ)

ಆಯ್ತು. ವಿಳಾಸ ಖಾಸಗಿಯಾಗಿ ಕಳಿಸುತ್ತೇನೆ. ಹೊಸೂರಿನವರೇ, ನಿಮ್ಮ ಹತ್ತಿರ ಕೀ ಸಡಿಲ ಮಾಡುವ ಇಕ್ಕಳ ಎರಡಿದ್ದರೆ ಒಂದು ತನ್ನಿ. ನನ್ನದರ ಬಾಯಿ ಸವೆದಿದೆ.

ಹೊಸೂರಿನವ (ಹೊಸೂರು)

ತರುತ್ತೇನೆ. ಶುಕ್ರವಾರ ರಾತ್ರಿ ಹೊರಟರೆ ಬೆಳಿಗ್ಗೆ ಮಂಗಳೂರು, ಅಲ್ಲಿಂದ ಲೋಕಲ್ ಹಿಡಿಯುತ್ತೇನೆ. 440 ವಿಷಯದಲ್ಲಿ ಜಗಳ ಮಾಡಲು ತಯಾರಾಗಿರಿ.